ಏರ್ ಫಿಲ್ಟರ್ ಬದಲಾಯಿತು, ಜೆಟ್ ಬದಲಾಯಿತೇ?

ವಿಜಯಪುರದ ಇಬ್ರಾಹಿಂಪುರದ ಬೈಕೊಂದು ಒಂದೇ ದಿನದಲ್ಲಿ ಎಷ್ಟು ಬಗೆಯ ಗಾಳಿ ಎಳೆದುಕೊಳ್ಳುತ್ತದೆ ಎಂಬುದನ್ನು ಲೆಕ್ಕ ಹಾಕಿದವರು ಕಡಿಮೆ. ಬೆಳಿಗ್ಗೆ ರೈಲ್ವೆ ಗೇಟಿನ ಕಡೆಯ ದಟ್ಟಣೆಯಲ್ಲಿ ಲಾರಿ, ಆಟೊಗಳ ಹೊಗೆ. ಮಧ್ಯಾಹ್ನ ತಿಕೋಟಾ ರಸ್ತೆಯ ದ್ರಾಕ್ಷಿ ತೋಟಗಳ ನಡುವೆ ಕಾದ ಗಾಳಿ. ಸಂಜೆ ಬಬಲೇಶ್ವರದ ಕಡೆ ಹೊಲದ ದಾರಿಗೆ ಇಳಿದರೆ ಎರಿಮಣ್ಣಿನ ಸಣ್ಣ ಧೂಳು. ಇಷ್ಟನ್ನೂ ಸೋಸಿ ಎಂಜಿನ್‌ಗೆ ಹದವಾಗಿ ಕಳಿಸುವುದು ಸೀಟಿನ ಕೆಳಗೋ ಪಕ್ಕದ ಮುಚ್ಚಳದ ಒಳಗೋ ಇರುವ ಪ್ಲಾಸ್ಟಿಕ್ ಡಬ್ಬಿ ಮತ್ತು ಅದರೊಳಗಿನ ಫಿಲ್ಟರ್. ಬೈಕಿನ ಹುಚ್ಚು ಹಿಡಿದ ಹುಡುಗರು ಮೊದಲು ಕಿತ್ತು ಹಾಕುವುದು ಈ ಡಬ್ಬಿಯನ್ನೇ. ಅದರ ಜಾಗದಲ್ಲಿ ಕಾರ್ಬೋರೇಟರಿನ ಬಾಯಿಗೆ ನೇರವಾಗಿ ಓಪನ್ ಫಿಲ್ಟರ್ ಕೂರುತ್ತದೆ, ಸದ್ದು ಗಡುಸಾಗುತ್ತದೆ, ಪಿಕಪ್ ಚುರುಕಾದಂತೆ ಅನಿಸುತ್ತದೆ, ಕೆಲಸ ಮುಗಿಯಿತು ಎಂದು ಬಿಲ್ ಹರಿಯುತ್ತದೆ. ನಿಜವಾಗಿ ಮುಗಿದಿರುವುದು ಅರ್ಧ ಕೆಲಸ ಮಾತ್ರ. ಗಾಳಿಯ ದಾರಿ ಬದಲಿಸಿದ ಮೇಲೆ ಪೆಟ್ರೋಲಿನ ಪ್ರಮಾಣವನ್ನೂ ಹೊಸದಾಗಿ ಹೊಂದಿಸಬೇಕು. ಹೊಂದಿಸದೆ ಬಿಟ್ಟಾಗ ಆಗುವ ಕೇಡು ಮೊದಮೊದಲು ಸುಖವಾಗಿಯೇ ಕಾಣಿಸುತ್ತದೆ. ಈ ವಿಷಯದಲ್ಲಿ ಸವಾರನ ಅನುಭವವನ್ನು ಕೊನೆಯ ಸಾಕ್ಷಿಯಾಗಿ ನಂಬಬಾರದು ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಪೆಟ್ರೋಲ್ ತಾನೊಂದೇ ಉರಿಯುವುದಿಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಶಕ್ತಿ ಬೇಕಾದಾಗ, ಅಂದರೆ ಆಕ್ಸಿಲರೇಟರ್ ಪೂರ್ತಿ ತಿರುವಿದಾಗ, ಎಂಜಿನ್ನಿಗೆ ಇದಕ್ಕಿಂತ ತುಸು ಹೆಚ್ಚು ಪೆಟ್ರೋಲ್ ಕೊಡುತ್ತಾರೆ. ಆಗ ಗಾಳಿಯ ಪಾಲು ಹನ್ನೆರಡೂವರೆ–ಹದಿಮೂರರ ಆಸುಪಾಸಿಗೆ ಇಳಿಯುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ದಂಡವಲ್ಲ. ಆವಿಯಾಗುವಾಗ ಅದು ಸಿಲಿಂಡರಿನ ಶಾಖವನ್ನು ಹೀರಿ ಪಿಸ್ಟನ್ನಿನ ತಲೆಯನ್ನು ಕಾಯುತ್ತದೆ. ಕಾರ್ಬೋರೇಟರ್ ಈ ಹದವನ್ನು ಕೇವಲ ಸೆಳೆತದ ಬಲದಿಂದ ಸಾಧಿಸುತ್ತದೆ. ಗಾಳಿ ಇಕ್ಕಟ್ಟಾದ ಕೊರಳಿನಲ್ಲಿ ನುಗ್ಗುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಕೆಳಗಿನ ಬಟ್ಟಲಿನ ಪೆಟ್ರೋಲ್ ಮೇಲೆ ಹೊರಗಿನ ಗಾಳಿಯ ಒತ್ತಡ ಇದ್ದೇ ಇರುತ್ತದೆ. ಎಳನೀರಿನ ಸ್ಟ್ರಾ ಕೆಲಸ ಮಾಡುವಂತೆಯೇ ಆ ವ್ಯತ್ಯಾಸವು ಜೆಟ್ಟಿನ ಸಣ್ಣ ತೂತಿನಿಂದ ಪೆಟ್ರೋಲನ್ನು ಮೇಲಕ್ಕೆ ಎಳೆಯುತ್ತದೆ. ಗ್ಯಾರೇಜುಗಳಲ್ಲಿ ಹೆಚ್ಚಾಗಿ ಗಮನಕ್ಕೆ ಬಾರದ ಸಂಗತಿ ಇಲ್ಲಿದೆ: ಕಂಪನಿಯ ಫಿಲ್ಟರ್ ಮತ್ತು ಡಬ್ಬಿ ಗಾಳಿಗೆ ಕೊಂಚ ತಡೆ ಒಡ್ಡುತ್ತವೆ, ಆ ತಡೆಯೂ ಕೊರಳಿನ ಒತ್ತಡವನ್ನು ಇನ್ನಷ್ಟು ಇಳಿಸಿ ಪೆಟ್ರೋಲ್ ಎಳೆಯಲು ನೆರವಾಗುತ್ತದೆ. ಕಾರ್ಖಾನೆಯಲ್ಲಿ ಜೆಟ್ ನಂಬರ್ ಆರಿಸುವಾಗ ಈ ನೆರವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಡಬ್ಬಿ ತೆಗೆದ ಕ್ಷಣ ಗಾಳಿಗೆ ದಾರಿ ಸಲೀಸಾಗುತ್ತದೆ, ಪೆಟ್ರೋಲಿನ ಮೇಲಿನ ಸೆಳೆತ ತಗ್ಗುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ಎರಡು ಬದಲಾವಣೆ ಒಟ್ಟಿಗೇ ಆಗಿ ಮಿಶ್ರಣ ಎರಡು ಕಡೆಯಿಂದ ಲೀನ್ ಆಗುತ್ತದೆ.

ಹೆಚ್ಚು ಪೆಟ್ರೋಲ್ ಹೋದರೂ ತಪ್ಪು, ಕಡಿಮೆ ಹೋದರೂ ತಪ್ಪು. ಆದರೆ ಎರಡೂ ತಪ್ಪುಗಳ ತೂಕ ಒಂದೇ ಅಲ್ಲ. ಪೆಟ್ರೋಲ್ ಹೆಚ್ಚಾದ ಎಂಜಿನ್ ತನ್ನ ದೂರನ್ನು ತಕ್ಷಣ ಹೇಳಿಬಿಡುತ್ತದೆ: ಎಳೆಯಲು ಮುಗ್ಗರಿಸುತ್ತದೆ, ಪ್ಲಗ್ ಕಪ್ಪಾಗುತ್ತದೆ, ಹೊಗೆ ಕಾಣುತ್ತದೆ, ಮೈಲೇಜ್ ಬೀಳುತ್ತದೆ. ಸವಾರ ಬೈದುಕೊಂಡು ಗ್ಯಾರೇಜಿಗೆ ಬರುತ್ತಾನೆ, ಜೆಟ್ ಬದಲಿಸಿದರೆ ಸರಿಹೋಗುತ್ತದೆ. ತುಸು ಲೀನ್ ಆದ ಎಂಜಿನ್ ಹಾಗಲ್ಲ. ಮೊದಲು ಅದು ಹಗುರಾಗಿ, ಚುರುಕಾಗಿ ಓಡುತ್ತದೆ, ಹೊಗೆ ಇರುವುದಿಲ್ಲ, ಊರೊಳಗಿನ ನಿಧಾನದ ಓಡಾಟದಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ತೊಂದರೆ ಬರುವುದು ತಿಕೋಟಾ ರಸ್ತೆಯಂಥ ನೇರ ದಾರಿಯಲ್ಲಿ, ಬಹಳ ಹೊತ್ತು ಆಕ್ಸಿಲರೇಟರ್ ತಿರುವಿಯೇ ಹಿಡಿದಾಗ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಸಿಲಿಂಡರಿನೊಳಗಿನ ಜ್ವಾಲೆಯ ಉಷ್ಣತೆ 2000 ಡಿಗ್ರಿ ದಾಟುತ್ತದೆ. ಪಿಸ್ಟನ್ ಉಳಿದಿರುವುದು ಶಾಖ ಬಂದಷ್ಟೇ ವೇಗದಲ್ಲಿ ಹೊರಗೆ ಹರಿದುಹೋಗುವುದರಿಂದ. ಪೂರ್ತಿ ಥ್ರಾಟಲ್‌ನಲ್ಲಿ ಸಿಗಬೇಕಾದ ಹೆಚ್ಚುವರಿ ಪೆಟ್ರೋಲ್ ಸಿಗದಿದ್ದರೆ ಆ ಸಮತೋಲ ಕೆಡುತ್ತದೆ, ಪಿಸ್ಟನ್ ಹಿಗ್ಗಿ ಬೋರ್‌ಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನವರು ಸೀಜ್ ಅನ್ನುವುದು ಇದನ್ನೇ. ಓಡುವ ಬೈಕಿನ ಹಿಂದಿನ ಗಾಲಿ ಇದ್ದಕ್ಕಿದ್ದಂತೆ ನಿಂತರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.

ಟೂ ಸ್ಟ್ರೋಕ್ ಗಾಡಿಗಳಲ್ಲಿ ಈ ಅಪಾಯ ಇನ್ನೂ ಹತ್ತಿರ. ಕರ್ನಾಟಕಕ್ಕೆ ಟೂ ಸ್ಟ್ರೋಕ್ ಹೊಸದಲ್ಲ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಹೊರತಂದಿತು, ಅವುಗಳಲ್ಲಿ ಬಹುಪಾಲು ಗಾಡಿಗಳಿಗೆ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕಿತ್ತು. ಅಂಥ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಅಷ್ಟೇ ಕಡಿಮೆಯಾಗುತ್ತದೆ. ಶಾಖ ಹೆಚ್ಚಿದ ಹೊತ್ತಿಗೇ ಎಂಜಿನ್ನಿಗೆ ಜಿಡ್ಡು ಸಿಗುವುದಿಲ್ಲ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100ರಲ್ಲಿ ಆಯಿಲಿಗೆ ಬೇರೆ ಪಂಪ್ ಇದೆ, ಹಾಗಾಗಿ ಅದಕ್ಕೆ ಈ ಎರಡನೆಯ ಪೆಟ್ಟು ಬೀಳುವುದಿಲ್ಲ, ಮೊದಲನೆಯದು ತಪ್ಪುವುದಿಲ್ಲ. ಇಂದಿಗೂ ಹೊಳಪು ಮಾಡಿಸಿಕೊಂಡು ಓಡಾಡುವ ಆರ್‌ಎಕ್ಸ್‌ಗಳೇ ಓಪನ್ ಫಿಲ್ಟರಿಗೆ ಮೊದಲು ಬಲಿಯಾಗುವುದು ನೋಡಿದರೆ ಬೇಸರವಾಗುತ್ತದೆ. ಮತ್ತೆ ತಯಾರಾಗದ ಗಾಡಿಗಳು ಅವು.

ಆರ್‌ಎಕ್ಸ್ 100ರ ಮಿಕುನಿ ವಿಎಂ ಜಾತಿಯ ಕಾರ್ಬೋರೇಟರ್ ದೂರದ ಹಿಮನಾಡುಗಳಲ್ಲೂ ಹೆಸರುವಾಸಿ. ಕೆನಡಾ, ಅಮೆರಿಕದ ಹಳೆಯ ಸ್ನೋಮೊಬೈಲ್‌ಗಳಲ್ಲಿ, ಅಂದರೆ ಹಿಮದ ಮೇಲೆ ಪಟ್ಟಿಯ ಬಲದಿಂದ ಜಾರುವ ಗಾಡಿಗಳಲ್ಲಿ, ಇದೇ ಕಾರ್ಬೋರೇಟರಿನ ದೊಡ್ಡ ಅಳತೆಗಳಿದ್ದವು. ನಮ್ಮವರು ಗುಲ್ಮಾರ್ಗ್ ಪ್ರವಾಸದಲ್ಲಿ ಹತ್ತಿ ಫೋಟೊ ತೆಗೆಸಿಕೊಳ್ಳುವುದು ಇದೇ ಜಾತಿಯ ಗಾಡಿಯ ಮೇಲೆ. ಆ ಗಾಡಿಗಳ ಕೈಪಿಡಿಗಳಲ್ಲಿ ಇಂತಿಷ್ಟು ಚಳಿಗೆ, ಇಂತಿಷ್ಟು ಎತ್ತರಕ್ಕೆ ಇಂತಿಂಥ ನಂಬರಿನ ಮೇನ್ ಜೆಟ್ ಎಂಬ ಪಟ್ಟಿಯೇ ಇರುತ್ತಿತ್ತು. ಚಳಿ ಹೆಚ್ಚಿದಂತೆ ಗಾಳಿ ದಟ್ಟವಾಗುತ್ತದೆ, ಅದೇ ಅಳತೆಯ ಕೊರಳಿನಲ್ಲಿ ಹೆಚ್ಚು ಗಾಳಿ ನುಗ್ಗುತ್ತದೆ, ಪೆಟ್ರೋಲ್ ಸಾಲದಾಗುತ್ತದೆ. ಆದ್ದರಿಂದ ಅಲ್ಲಿನ ಅನುಭವಿಗಳು ಜೆಟ್ ಆರಿಸುವುದು ತಾವು ಓಡಿಸಬಹುದಾದ ಅತಿ ಚಳಿಯ ದಿನವನ್ನು ಮನಸ್ಸಿನಲ್ಲಿಟ್ಟು. ಮೈನಸ್ ಡಿಗ್ರಿಯ ಪಾಠ ನಲವತ್ತು ಡಿಗ್ರಿಯ ಬಿಸಿಲೂರಿಗೆ ಯಾಕೆ ಎಂದು ಕೇಳಬಹುದು. ವಿಜಯಪುರದಲ್ಲಿ ಹಿಮ ಬೀಳುವುದಿಲ್ಲ, ಆದರೆ ಡಿಸೆಂಬರಿನ ನಸುಕಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ನಡುವಿನ ಅಂತರ ಸಣ್ಣದಲ್ಲ. 12 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯ ಗಾಳಿ ಶೇಕಡಾ 9ರಷ್ಟು ತೆಳು. ಕಾರ್ಬೋರೇಟರಿನ ಮಿಶ್ರಣದಲ್ಲಿ ಇದರ ಅರ್ಧದಷ್ಟು, ಅಂದರೆ ಶೇಕಡಾ 4ರಿಂದ 5ರ ವ್ಯತ್ಯಾಸ ಕಾಣಿಸುತ್ತದೆ. ಬೇಸಿಗೆಯ ಮಧ್ಯಾಹ್ನ, ಗಾಳಿ ತೆಳುವಾಗಿದ್ದಾಗ, ಸರಿಯಾಗಿ ಹೊಂದಿಸಿದ ಜೆಟ್ ಚಳಿಗಾಲದ ಬೆಳಗಿನ ಸವಾರಿಯಲ್ಲಿ ಲೀನ್ ಆಗುತ್ತದೆ. ಬಿಸಿಲಿಗೆ ಎಂಜಿನ್ ಕಾದು ಕೆಡುತ್ತದೆ, ಚಳಿಗೆ ಏನೂ ಆಗದು ಎಂಬ ನಮ್ಮ ನಂಬಿಕೆ ಮಿಶ್ರಣದ ಮಟ್ಟಿಗೆ ತಲೆಕೆಳಗು. ಬೇಸಿಗೆಯಲ್ಲಿ ಟ್ಯೂನಿಂಗ್ ಮಾಡಿಸುವವರು ತುಸು ದೊಡ್ಡ ಜೆಟ್ಟನ್ನೇ ಉಳಿಸಿಕೊಳ್ಳಬೇಕು.

ಈ ಸೀಮೆಯಲ್ಲಿ ಏಳುವ ಮೊದಲ ಆಕ್ಷೇಪಣೆ ಟ್ರ್ಯಾಕ್ಟರಿನಿಂದ ಬರುತ್ತದೆ. "ಟ್ರ್ಯಾಕ್ಟರಿಗೆ ಗಾಳಿ ಎಷ್ಟ ಹೆಚ್ಚ ಹೋದ್ರ ಅಷ್ಟ ಚಲೋ, ಕರಿ ಹೊಗಿ ಬರಂಗಿಲ್ಲ. ಬೈಕಿಗ್ಯಾಕ ಬ್ಯಾಡ?" ಮಾತು ಅನುಭವದಿಂದ ಬಂದದ್ದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ತಿಕೋಟಾ, ಬಬಲೇಶ್ವರದ ರೈತರು ಡೀಸೆಲ್ ಎಂಜಿನ್ನಿನ ಜೊತೆ ಬೆಳೆದವರು. ಟ್ರ್ಯಾಕ್ಟರಿನ ಫಿಲ್ಟರ್ ಕಟ್ಟಿಕೊಂಡರೆ ಕರಿ ಹೊಗೆ ಬರುವುದನ್ನೂ, ಬಿಚ್ಚಿ ತೊಳೆದರೆ ನಿಲ್ಲುವುದನ್ನೂ ಕಣ್ಣಾರೆ ಕಂಡವರು. ಆದರೆ ಡೀಸೆಲ್ ಎಂಜಿನ್ನಿನ ವ್ಯವಹಾರವೇ ಬೇರೆ. ಅದು ಗಾಳಿಯನ್ನು ಅಳೆಯುವುದಿಲ್ಲ, ಪ್ರತಿ ಹೊಡೆತಕ್ಕೂ ತುಂಬುವಷ್ಟು ತುಂಬಿಕೊಳ್ಳುತ್ತದೆ. ಎಷ್ಟು ಶಕ್ತಿ ಬೇಕೆಂದು ತೀರ್ಮಾನಿಸುವುದು ಪಂಪ್ ಚಿಮ್ಮಿಸುವ ಡೀಸೆಲಿನ ಪ್ರಮಾಣ. ಅಲ್ಲಿ ಗಾಳಿ ಯಾವಾಗಲೂ ಮಿಗುತ್ತದೆ, ಮಿಕ್ಕ ಗಾಳಿ ಎಂಜಿನ್ನನ್ನು ತಂಪಾಗಿಯೇ ಇಡುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸಬೇಕಾದದ್ದು ಮೊದಲೇ ಬೆರೆತ ಮಿಶ್ರಣವನ್ನು, ಆ ಮಿಶ್ರಣ ಹದದಲ್ಲಿದ್ದರೆ ಮಾತ್ರ ಉರಿ ಸರಿಯಾಗಿ ಹಬ್ಬುತ್ತದೆ. ಡೀಸೆಲಿನ ತಿಳಿವಳಿಕೆಯನ್ನು ಪೆಟ್ರೋಲಿಗೆ ಹಾಗೇ ತಂದು ಹಚ್ಚುವುದರಿಂದಲೇ ಎಷ್ಟೋ ಬೈಕುಗಳ ಜೊತೆಗೆ, ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಸ್ಪ್ರೇಯರ್‌ಗಳೂ ಹಾಳಾಗುತ್ತವೆ.

ಗಾಳಿಯ ದಾರಿ ಬದಲಾಗಲು ಯಾರೂ ಸ್ಪ್ಯಾನರ್ ಹಿಡಿಯಬೇಕಿಲ್ಲ ಎಂಬುದು ಈ ಧೂಳಿನ ನೆಲದಲ್ಲಿ ಇನ್ನೂ ಮುಖ್ಯ. ಮಾರ್ಪಾಡಿನ ಗೊಡವೆಗೇ ಹೋಗದ, ಹಾಲಿನ ಕ್ಯಾನ್ ಕಟ್ಟಿಕೊಂಡು ಓಡುವ ಬೈಕಿಗೂ ಈ ಮಾತು ಅನ್ವಯಿಸುತ್ತದೆ. ಹೊಲದ ದಾರಿಯಲ್ಲಿ ತಿಂಗಳುಗಟ್ಟಲೆ ಓಡಿದ ಫಿಲ್ಟರ್ ಧೂಳು ಹಿಡಿದು ಬಿಗಿಯಾಗುತ್ತದೆ, ಗಾಳಿ ಕಡಿಮೆಯಾಗಿ ಸೆಳೆತ ಹೆಚ್ಚುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಮೈಲೇಜ್ ಬಿತ್ತೆಂದು ಗ್ಯಾರೇಜಿಗೆ ತಂದರೆ ಕೆಲವು ಕಡೆ ಫಿಲ್ಟರ್ ನೋಡದೆ, ಕಾರ್ಬೋರೇಟರಿನೊಳಗೆ ಪೆಟ್ರೋಲ್ ಹದ ಮಾಡುವ ಸೂಜಿಯ (ನೀಡಲ್) ಕ್ಲಿಪ್ ಒಂದು ಮನೆ ಮೇಲಕ್ಕೆ ಹಾಕಿ ಪೆಟ್ರೋಲ್ ಕಡಿಮೆ ಮಾಡಿಬಿಡುತ್ತಾರೆ. ಕೆಲವು ದಿನ ಎಲ್ಲ ಸರಿ. ಮುಂದೊಮ್ಮೆ ಸರ್ವಿಸಿನಲ್ಲಿ ಹೊಸ ಫಿಲ್ಟರ್ ಬೀಳುತ್ತದೆ, ಗಾಳಿ ಸಲೀಸಾಗಿ ಹರಿಯುತ್ತದೆ, ಕ್ಲಿಪ್ ಮಾತ್ರ ಹಳೆಯ ಮನೆಯಲ್ಲೇ ಉಳಿದಿರುತ್ತದೆ. ಯಾರೂ ಏನನ್ನೂ ಮಾರ್ಪಾಡು ಮಾಡದೆ ಬೈಕ್ ಲೀನ್ ಆಗಿಬಿಟ್ಟಿತು. ಕಾರ್ಬೋರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿಸಿಲಿಗೆ ಸೀಳಿದರೂ ಇದೇ ಕಥೆ: ಫಿಲ್ಟರನ್ನೂ ಜೆಟ್ಟನ್ನೂ ಹಾಯದ ಗಾಳಿ ಅಡ್ಡದಾರಿಯಲ್ಲಿ ನುಗ್ಗುತ್ತದೆ. ಜೆಟ್ಟಿಗೆ ಕೈ ಹಾಕುವ ಮೊದಲು ಫಿಲ್ಟರ್ ಸ್ವಚ್ಛವಾಗಿದೆಯೇ, ರಬ್ಬರಿನ ಕ್ಲಾಂಪ್ ಬಿಗಿಯಾಗಿದೆಯೇ ಎಂದು ನೋಡದ ಟ್ಯೂನಿಂಗಿಗೆ ಬೆಲೆಯಿಲ್ಲ. ಓಪನ್ ಫಿಲ್ಟರಿನ ಮೇಲೆ ನನಗಿರುವ ದೊಡ್ಡ ತಕರಾರೂ ಇಲ್ಲಿಯದೇ. ಡಬ್ಬಿಯೊಳಗಿನ ಫಿಲ್ಟರಿಗೆ ಗಾಲಿ ಎಬ್ಬಿಸಿದ ಧೂಳು ನೇರ ಬಡಿಯುವುದಿಲ್ಲ. ಎಂಜಿನ್ ಪಕ್ಕದಲ್ಲಿ ಬಯಲಿಗೆ ಕೂತ ಫಿಲ್ಟರ್ ಧೂಳನ್ನೂ ಎಂಜಿನ್ನಿನ ಬಿಸಿಯನ್ನೂ ಮುಖಕ್ಕೆ ಮುಖ ಕೊಟ್ಟು ಎದುರಿಸಬೇಕು. ಅದನ್ನು ಪದೇ ಪದೇ ತೊಳೆದು, ಆಯಿಲ್ ಹಚ್ಚಿ ಇಡುವ ತಾಳ್ಮೆ ಇಲ್ಲದವರಿಗೆ ಈ ಸೀಮೆಯಲ್ಲಿ ಕಂಪನಿಯ ಡಬ್ಬಿಯೇ ಲೇಸು.

ಈಚಿನ ವರ್ಷಗಳಲ್ಲಿ ಈ ಲೆಕ್ಕಕ್ಕೆ ಮತ್ತೊಂದು ಭಾರ ಸೇರಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರು ಚಾಲನೆ ಕೊಟ್ಟ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ವಿಜಯಪುರ–ಬಾಗಲಕೋಟೆಯ ಕಬ್ಬಿನ ಸೀಮೆಗೆ ಎಥೆನಾಲ್ ಆದಾಯದ ದಾರಿ, ಅದನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಎಥೆನಾಲಿನ ಅಣುವಿನಲ್ಲೇ ಆಮ್ಲಜನಕ ಇದೆ, ಅದು ಉರಿಯಲು ತೂಕದ ಲೆಕ್ಕದಲ್ಲಿ ಒಂಬತ್ತು ಪಾಲು ಗಾಳಿ ಸಾಕು. ಶೇಕಡಾ 20 ಬೆರೆತಾಗ 14.7ರ ಪ್ರಮಾಣ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು, ಶುದ್ಧ ಪೆಟ್ರೋಲಿಗೆಂದು ಕೊರೆದ ಜೆಟ್ ಅದನ್ನು ಕೊಡಲಾರದು. ಆರ್‌ಎಕ್ಸ್, ಯೆಜ್ಡಿ, ಇಪ್ಪತ್ತು ವರ್ಷ ಹಳೆಯ ಸ್ಪ್ಲೆಂಡರ್ ಇವೆಲ್ಲ ಯಾರೂ ಮುಟ್ಟದಿದ್ದರೂ ಈಗ ತುಸು ಲೀನ್ ಆಗಿಯೇ ಓಡುತ್ತಿವೆ. ಕಂಪನಿ ಬಿಟ್ಟಿದ್ದ ಅಂಚು ಅಲ್ಲಿಗೇ ಖರ್ಚಾಗಿದೆ. ಹತ್ತು ವರ್ಷದ ಹಿಂದೆ ಓಪನ್ ಫಿಲ್ಟರ್ ಹಾಕಿಯೂ ಏನೂ ಆಗಲಿಲ್ಲ ಎನ್ನುವವರ ಮಾತು ಆಗ ನಿಜವಿದ್ದಿರಬಹುದು. ಅಂದಿನ ಪೆಟ್ರೋಲ್ ಇಂದು ಟ್ಯಾಂಕಿನಲ್ಲಿಲ್ಲ.

"ಈಗಿನ ಗಾಡಿಗೆ ಕಂಪ್ಯೂಟರ್ ಐತಿ, ಅದ ಹೊಂದಿಸ್ಕೋತೈತಿ" ಎಂಬುದು ಇನ್ನೊಂದು ಆಕ್ಷೇಪಣೆ, ಮತ್ತು ಇದು ಇನ್ನೂ ಗಟ್ಟಿಯಾದದ್ದು. 2020ರ ಏಪ್ರಿಲ್‌ನಿಂದ ಬಿಎಸ್‌–6 ನಿಯಮ ಬಂದ ಮೇಲೆ ನಮ್ಮ ರಸ್ತೆಯ ಹೊಸ ಬೈಕುಗಳಲ್ಲಿ ಬಹುತೇಕ ಎಲ್ಲಕ್ಕೂ ಕಾರ್ಬೋರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಒಳಬರುವ ಗಾಳಿಯ ಒತ್ತಡ, ಉಷ್ಣತೆ, ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗದಲ್ಲಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ಹೇಳುತ್ತವೆ, ಸೈಲೆನ್ಸರಿನಲ್ಲಿರುವ ಆಕ್ಸಿಜನ್ ಸೆನ್ಸರ್ ಉರಿದ ಮೇಲೆ ಉಳಿದದ್ದನ್ನು ನೋಡಿ ತಿದ್ದುತ್ತದೆ. ಫಿಲ್ಟರ್ ಕೊಂಚ ಬದಲಾದರೆ, ಚಳಿ–ಬಿಸಿಲು ಹೆಚ್ಚುಕಡಿಮೆಯಾದರೆ ಈ ವ್ಯವಸ್ಥೆ ನಿಜಕ್ಕೂ ಹೊಂದಿಕೊಳ್ಳುತ್ತದೆ; ಈ ಮಟ್ಟಿಗೆ ಆಕ್ಷೇಪಣೆಯನ್ನು ಒಪ್ಪಲೇಬೇಕು. ಆದರೆ ಸಾಮಾನ್ಯ ಬೈಕಿನ ಆಕ್ಸಿಜನ್ ಸೆನ್ಸರ್ ಮಿಶ್ರಣ ಆ 14.7ರ ಗೆರೆಯ ಆಚೆಗಿದೆಯೋ ಈಚೆಗಿದೆಯೋ ಎಂದಷ್ಟೇ ಹೇಳಬಲ್ಲದು, ಎಷ್ಟು ದೂರ ಎಂದು ಹೇಳಲಾರದು. ಹನ್ನೆರಡೂವರೆ ಬೇಕಾದ ಪೂರ್ತಿ ಥ್ರಾಟಲ್‌ನಲ್ಲಿ ಅದರ ಮಾತು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಕಂಪ್ಯೂಟರ್ ಸೆನ್ಸರಿನ ತಿದ್ದುಪಡಿ ಬಿಟ್ಟು ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದ ಪ್ರಕಾರ ಪೆಟ್ರೋಲ್ ಚಿಮ್ಮಿಸುತ್ತದೆ. ಆ ಕೋಷ್ಟಕ ಬರೆದದ್ದು ಡಬ್ಬಿ ಇದ್ದ ಎಂಜಿನ್ನಿಗೆ. ಪಿಸ್ಟನ್ನಿಗೆ ಹೆಚ್ಚು ಅಪಾಯ ಇರುವ ಜಾಗದಲ್ಲೇ ತಿದ್ದುವ ಕೈ ಹಿಂದೆ ಸರಿದಿರುತ್ತದೆ. ಆ ಕೋಷ್ಟಕವನ್ನು ತಿದ್ದುವವರು, ಎಂಜಿನ್ನಿನ ಬಲ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಮಿಶ್ರಣವನ್ನು ನಿಖರವಾಗಿ ಅಳೆಯುವವರು ಬೆಂಗಳೂರಿನಂಥ ಊರುಗಳಲ್ಲಿ ಸಿಗುತ್ತಾರೆ. ಅಲ್ಲಿಯವರೆಗೆ ಹೋಗುವ ಮನಸ್ಸಿಲ್ಲದಿದ್ದರೆ ಇಂಜೆಕ್ಷನ್ ಗಾಡಿಯ ಡಬ್ಬಿಯನ್ನು ತೆಗೆಯದಿರುವುದೇ ಸರಿ.

ಎಮಿಷನ್ ಸರ್ಟಿಫಿಕೇಟ್ ಸಿಕ್ಕಿತಲ್ಲ, ಇನ್ನೇನು ಎಂದು ಕೇಳುವವರೂ ಇದ್ದಾರೆ. 2000ದ ಮಾರ್ಚ್‌ ಅಂತ್ಯದವರೆಗೆ ತಯಾರಾದ ದ್ವಿಚಕ್ರ ವಾಹನದ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 4.5 ಮೀರುವಂತಿಲ್ಲ. ಆದರೆ ಈ ತಪಾಸಣೆ ನಡೆಯುವುದು ಗಾಡಿ ನಿಂತು ಐಡ್ಲಿಂಗ್‌ನಲ್ಲಿದ್ದಾಗ. ಆಗ ಪೆಟ್ರೋಲ್ ಬರುವುದು ಪೈಲಟ್ ಜೆಟ್ಟಿನಿಂದ. ಮೇನ್ ಜೆಟ್ ಆಟಕ್ಕೇ ಇಳಿದಿರುವುದಿಲ್ಲ. ಜೊತೆಗೆ ಪೆಟ್ರೋಲ್ ಹೆಚ್ಚಾದರೆ ಮೊನಾಕ್ಸೈಡ್ ಏರುತ್ತದೆ, ಲೀನ್ ಆದರೆ ಇಳಿಯುತ್ತದೆ. ಪಿಸ್ಟನ್ ಸುಡಲು ತಯಾರಾದ ಗಾಡಿಯೂ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಗುತ್ತದೆ. ಇನ್ನು ಕಾನೂನು: ನೋಂದಣಿ ಪತ್ರದಲ್ಲಿರುವ ಕಂಪನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಏರ್ ಫಿಲ್ಟರಿನ ಹೆಸರಿಲ್ಲ ಎಂದು ವಾದಿಸಬಹುದು, ಆದರೆ ಫಿಲ್ಟರಿನ ಹಿಂದೆಯೇ ಬರುವ ಸೈಲೆನ್ಸರ್ ಬದಲಾವಣೆಗೆ ಆ ರಕ್ಷಣೆ ಸಿಗುವುದು ಕಷ್ಟ.

ಇಷ್ಟೆಲ್ಲ ತಿಳಿದೂ ಹಳೆಯ ಕಾರ್ಬೋರೇಟರ್ ಗಾಡಿಯ ಗಾಳಿದಾರಿ ಬದಲಿಸಲೇಬೇಕು ಎನ್ನುವವರು ಇದ್ದೇ ಇರುತ್ತಾರೆ. ಅವರ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಕ್ರಮ ತಪ್ಪಬಾರದು ಎನ್ನುತ್ತೇನೆ. ಆಕ್ಸಿಲರೇಟರ್ ಹಿಡಿಯ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಪೆನ್ನಿನಿಂದ ಗೆರೆ ಹಾಕಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಕಾರ್ಬೋರೇಟರಿನಲ್ಲಿ ಒಂದೊಂದು ಹಂತಕ್ಕೂ ಒಂದೊಂದು ಭಾಗ ಯಜಮಾನ. ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಅಲ್ಲಿಂದ ಮುಕ್ಕಾಲಿನವರೆಗೆ ನೀಡಲ್, ಆಮೇಲೆ ಮೇನ್ ಜೆಟ್. ಎಲ್ಲಿ ಮುಗ್ಗರಿಸುತ್ತದೆ ಎಂದು ಗೆರೆ ಹೇಳಿದರೆ ಏನನ್ನು ತಿದ್ದಬೇಕು ಎಂಬುದು ತಾನೇ ತಿಳಿಯುತ್ತದೆ. ಮೊದಲು ಮೇನ್ ಜೆಟ್: ಬೇಕೆನಿಸಿದ್ದಕ್ಕಿಂತ ದೊಡ್ಡ ನಂಬರಿನಿಂದ ಆರಂಭಿಸಿ, ಎಂಜಿನ್ ಭಾರವಾಗಿ ಎಳೆಯುವುದನ್ನು ಕಂಡ ಮೇಲೆ ಒಂದೊಂದೇ ನಂಬರ್ ಇಳಿಸುತ್ತ ಬರಬೇಕು. ಸಣ್ಣದರಿಂದ ಮೇಲೇರುವವನು ಪ್ರತಿ ಹೆಜ್ಜೆಯಲ್ಲೂ ಪಿಸ್ಟನ್ನನ್ನು ಪಣಕ್ಕಿಟ್ಟಿರುತ್ತಾನೆ. ಆಮೇಲೆ ನೀಡಲ್: ಕ್ಲಿಪ್ ಒಂದು ಮನೆ ಕೆಳಗಿಳಿಸಿದರೆ ನೀಡಲ್ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಕೊನೆಗೆ ಏರ್ ಸ್ಕ್ರೂ: ಆರ್‌ಎಕ್ಸ್‌ನಂಥ ಗಾಡಿಯಲ್ಲಿ ಫಿಲ್ಟರ್ ಕಡೆಗಿರುವ ಈ ಸ್ಕ್ರೂ ಒಳಗೆ ತಿರುವಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ, ಎಂಜಿನ್ ಕಡೆಗೆ ಸ್ಕ್ರೂ ಇರುವ ಬೈಕುಗಳಲ್ಲಿ ಇದರ ತದ್ವಿರುದ್ಧ. ಅನುಮಾನ ಬಂದ ಹಂತದಲ್ಲಿ ಚೋಕ್ ಅರೆಬರೆ ಎಳೆದು ನೋಡಬಹುದು. ಎಳೆದ ತಕ್ಷಣ ಎಂಜಿನ್ ಚೇತರಿಸಿಕೊಂಡರೆ ಆ ಹಂತದಲ್ಲಿ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ. ಹೊಸ ಪ್ಲಗ್ ಹಾಕಿ ಓಡಿಸಿ, ಪೂರ್ತಿ ಥ್ರಾಟಲ್‌ನಲ್ಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸಿ, ಬಿಚ್ಚಿ ನೋಡಿದರೆ ಒಳಗಿನ ಬಿಳಿ ಪಿಂಗಾಣಿ ತಿಳಿ ಕಂದಾಗಿರಬೇಕು. ಬೂದಿಯಂತೆ ಬೆಳ್ಳಗಾಗಿದ್ದರೆ ದೊಡ್ಡ ಜೆಟ್ ಬೇಕು. ಈ ಪರೀಕ್ಷೆ ಜನ ಓಡಾಡುವ ರಸ್ತೆಯಲ್ಲಿ ಮಾಡುವಂಥದ್ದಲ್ಲ.

ಈ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ, ನಾಲ್ಕಾರು ಜೆಟ್ ಬೇಕಾಗುತ್ತವೆ, ಎರಡು ಪ್ಲಗ್ ಹೋಗುತ್ತವೆ. ನನ್ನ ದೃಷ್ಟಿಯಲ್ಲಿ ತೊಂದರೆಯ ಬೇರು ಇರುವುದು ಇಲ್ಲೇ. ಫಿಲ್ಟರಿಗೆ ಬೆಲೆಯ ಚೀಟಿ ಇದೆ, ಗಿರಾಕಿ ಅದನ್ನು ತಕರಾರಿಲ್ಲದೆ ಕೊಡುತ್ತಾನೆ, ಜೆಟ್ ಹೊಂದಿಸುವ ಹೊತ್ತಿಗೆ ಚೀಟಿ ಇಲ್ಲ, ಕೇಳಿದರೆ "ಸ್ಕ್ರೂ ತಿರುವೋದಕ್ಕ ಇಷ್ಟ್ಯಾಕ್ರೀ?" ಎನ್ನುತ್ತಾನೆ. ಹೀಗಿರುವಾಗ ಕೆಲಸ ಬಲ್ಲ ಮೆಕ್ಯಾನಿಕ್ ಕೂಡ ಫಿಲ್ಟರ್ ಹಾಕಿ ಕಳಿಸಿಬಿಡುವುದು ಸಹಜ. ಗ್ಯಾರೇಜಿನವರು ಫಿಲ್ಟರನ್ನೂ ಜೆಟ್ಟಿಂಗನ್ನೂ ಬೇರೆ ಬೇರೆ ಮಾರದೆ ಒಂದೇ ಕೆಲಸವಾಗಿ ಒಂದೇ ದರ ಹೇಳಬೇಕು, ಅಷ್ಟು ಕೊಡಲು ಒಪ್ಪದ ಗಿರಾಕಿಗೆ ಫಿಲ್ಟರ್ ಹಾಕಿ ಕೊಡಬಾರದು. ಬಿಚ್ಚಿದ ಡಬ್ಬಿ ಮತ್ತು ಕಂಪನಿಯ ಜೆಟ್ಟನ್ನು, ಅದರ ನಂಬರ್ ಮತ್ತು ಕ್ಲಿಪ್ ಇದ್ದ ಮನೆಯನ್ನು ಚೀಟಿಯಲ್ಲಿ ಬರೆದು, ಗಿರಾಕಿಯ ಕೈಗೇ ಕಟ್ಟಿ ಕೊಡಬೇಕು. ನಾಳೆ ಬೈಕ್ ಮಾರುವಾಗಲೋ, ಬೇಸಿಗೆಯಲ್ಲಿ ಹೊಲದ ದಾರಿಗೆ ಇಳಿಯುವಾಗಲೋ ಅವೆರಡೂ ಮತ್ತೆ ಬೇಕಾಗುತ್ತವೆ.